ಹಳೆಯ ಕಾರಿನ ಹೀಟರ್ ಉಗುರುಬೆಚ್ಚಗಷ್ಟೇ ಊದುತ್ತದೆ: ಡ್ಯಾಶ್‌ಬೋರ್ಡ್ ಬಿಚ್ಚಿಸಲೇಬೇಕೇ?

ತಾಳವಾಡಿ_ಬಯಲು
ಎಲ್ಲರಿಗೂ ನಮಸ್ಕಾರ. ನನ್ನದು 2006ರ ಪೆಟ್ರೋಲ್ ಕಾರು, ಡಿಕ್ಕಿ ಇರುವ ಮಾದರಿ. ಕಳೆದ ಬೇಸಿಗೆಯಲ್ಲಿ ಕಾಸರಗೋಡಿನ ಕಡೆಯವರೊಬ್ಬರಿಂದ ಕೊಂಡೆ. ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಎ.ಸಿ. ಚೆನ್ನಾಗಿದೆ. ಹೀಟರ್ ಮಾತ್ರ ಹೆಸರಿಗಷ್ಟೇ ಇದೆ.

ತಂಗಿಯನ್ನು ಊಟಿಗೆ ಕೊಟ್ಟಿದ್ದೇವೆ. ಆಗಾಗ ಅಮ್ಮನನ್ನು ಕರೆದುಕೊಂಡು ಹೋಗಬೇಕಾಗುತ್ತದೆ. ಗುಂಡ್ಲುಪೇಟೆ ದಾಟಿ, ಬೆಳಿಗ್ಗೆ ಆರಕ್ಕೆ ಬಂಡೀಪುರದ ಗೇಟು ತೆರೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುತ್ತೇವೆ. ಗುಂಡಿಯನ್ನು ಕೆಂಪಿನ ಕೊನೆಯವರೆಗೆ ತಿರುಗಿಸಿ ಬ್ಲೋವರ್ ಪೂರ್ತಿ ಇಟ್ಟರೂ ಬರುವುದು ಉಗುರುಬೆಚ್ಚಗಿನ ಗಾಳಿ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತುವಾಗ ಪರವಾಗಿಲ್ಲ ಎನ್ನುವಷ್ಟು ಬಿಸಿಯಾಗುತ್ತದೆ. ಮೇಲೆ ಸಮತಟ್ಟು ರಸ್ತೆ ಸಿಕ್ಕೊಡನೆ ಮತ್ತೆ ಮೊದಲಿನಂತೆಯೇ. ವಾಪಸು ಗೂಡಲೂರು ದಾರಿಯಲ್ಲಿ ಇಳಿಯುವಾಗಲಂತೂ ತಣ್ಣನೆಯ ಗಾಳಿ. ಅಮ್ಮ ಕಂಬಳಿ ಹೊದ್ದು ಕುಳಿತು, ದುಡ್ಡು ಕೊಟ್ಟು ಇದನ್ನೇಕೆ ತಂದೆ ಎಂದು ದಾರಿಯುದ್ದಕ್ಕೂ ಕೇಳುತ್ತಾರೆ.

ಪಕ್ಕದ ಪಟ್ಟಣದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಹೀಟರ್ ಕೋರ್ (ಎಂಜಿನ್‌ನ ಬಿಸಿನೀರು ಹರಿದು ಗಾಳಿಯನ್ನು ಬಿಸಿ ಮಾಡುವ, ಡ್ಯಾಶ್‌ಬೋರ್ಡ್ ಒಳಗಿನ ಸಣ್ಣ ರೇಡಿಯೇಟರ್) ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಎಲ್ಲ ಸೇರಿ 14,000 ರೂಪಾಯಿ ಎಂದರು. ಅವರು ಬಾನೆಟ್ ಕೂಡ ಎತ್ತಿ ನೋಡಲಿಲ್ಲ. ನಂಬಬಹುದೇ?

ಪಯಸ್ವಿನಿ_ದಡ
ನಮ್ಮ ಕಾಸರಗೋಡಿನಲ್ಲಿ ಆ ಗುಂಡಿಯಲ್ಲಿ ಕೆಂಪು ಬಣ್ಣವೂ ಇದೆ ಎಂದು ಎಷ್ಟು ಜನರಿಗೆ ಗೊತ್ತೋ ದೇವರೇ ಬಲ್ಲ. ಮಾರಿದವರು ಒಮ್ಮೆಯೂ ಹೀಟರ್ ಹಾಕಿ ನೋಡಿರಲಿಕ್ಕಿಲ್ಲ ಮಾರಾಯರೇ.

ಹೊಸೂರು_ಸ್ಪ್ಯಾನರ್
ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಅದು. ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಒಮ್ಮೆ ಬಿಚ್ಚಿದರೆ ಪ್ಲಾಸ್ಟಿಕ್ ಕ್ಲಿಪ್‌ಗಳು ಅರ್ಧಕ್ಕರ್ಧ ಮುರಿಯುತ್ತವೆ, ಆಮೇಲೆ ಪ್ರತಿ ಹಳ್ಳಕ್ಕೂ ಗಡಗಡ ಸದ್ದು.

ಮೊದಲು ಎರಡು ವಿಷಯ ಹೇಳಿ. ಸಮತಟ್ಟು ರಸ್ತೆಯಲ್ಲಿ 60–70ರ ವೇಗದಲ್ಲಿ ಹೋಗುವಾಗ ತಾಪಮಾನದ ಮುಳ್ಳು ಎಲ್ಲಿ ನಿಲ್ಲುತ್ತದೆ? ಎರಡನೆಯದು, ಎಂಜಿನ್‌ನ ಹಿಂಭಾಗದಿಂದ ಒಳಗೋಡೆಯನ್ನು ಹೊಕ್ಕುವ, ಹೆಬ್ಬೆರಳಿನ ದಪ್ಪದ ಎರಡು ರಬ್ಬರ್ ಪೈಪ್‌ಗಳಿರುತ್ತವೆ. ಹೀಟರ್ ಹಾಕಿಕೊಂಡು ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ, ಎರಡನ್ನೂ ಮುಟ್ಟಿ ನೋಡಿ. ಫ್ಯಾನಿಗೂ ಬೆಲ್ಟಿಗೂ ಕೈ, ಶಾಲು ತಾಗದಂತೆ ಎಚ್ಚರ.

ಎರಡೂ ಪೈಪ್ ಕೈ ಇಡಲಾಗದಷ್ಟು ಬಿಸಿ ಇದ್ದರೆ ನೀರಿನ ಕಡೆ ತೊಂದರೆಯಿಲ್ಲ. ಒಳಗೆ ಬಿಸಿ ಗಾಳಿ ತಣ್ಣನೆ ಗಾಳಿ ಬೆರೆಸುವ ಬಾಗಿಲಿನ ಕೇಬಲ್ ಕಳಚಿರಬೇಕು, ಅಥವಾ ಆ ಬಾಗಿಲಿನ ಅಂಚಿನ ಸ್ಪಂಜು ಪುಡಿಯಾಗಿರಬೇಕು. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ಕೋರ್ ಕಟ್ಟಿಕೊಂಡಿದೆ ಅಥವಾ ಹೀಟರ್‌ನ ನಲ್ಲಿ ಮುಚ್ಚಿದೆ. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಬಿಸಿಯಾಗುತ್ತಿಲ್ಲ, ಇಲ್ಲವೇ ನೀರು ಕಡಿಮೆಯಾಗಿ ಗಾಳಿ ಸಿಕ್ಕಿಹಾಕಿಕೊಂಡಿದೆ.

ಮಡಕಶಿರಾ_ಕಡಲೆಕಾಯಿ
ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಒಂದು ಸ್ವೆಟರ್ ಹೊಲಿಸಿಕೊಡಿ ಅಮ್ಮನಿಗೆ, ಕೆಲಸ ಮುಗಿಯಿತು.

ಹೊಸೂರು_ಸ್ಪ್ಯಾನರ್
@ಮಡಕಶಿರಾ_ಕಡಲೆಕಾಯಿ ಕುಡಿಯುವುದಿಲ್ಲ ಅಣ್ಣಾ. ಎ.ಸಿ.ಗೆ ಕಂಪ್ರೆಸರ್ ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕು. ಹೀಟರ್ ಹಾಗಲ್ಲ. ಎಂಜಿನ್ ಹೇಗೂ ರೇಡಿಯೇಟರ್ ಮೂಲಕ ಹೊರಗೆ ಚೆಲ್ಲುವ ಶಾಖದಲ್ಲಿಯೇ ಒಂದು ಪಾಲು ಒಳಗೆ ತಿರುಗುತ್ತದೆ. ಖರ್ಚು ಏನಿದ್ದರೂ ಬ್ಲೋವರ್ ಎಳೆಯುವ ಕರೆಂಟು ಮಾತ್ರ. ಸ್ವೆಟರ್ ಹೊಲಿಸುವುದೂ ಅಲ್ಲ, ಹೆಣೆಯುವುದು.

ತಾಳವಾಡಿ_ಬಯಲು
ನೋಡಿ ಬಂದೆ. ಮುಳ್ಳು ಕಾಲು ಭಾಗಕ್ಕಿಂತ ಮೇಲೆ ಏಳುವುದೇ ಇಲ್ಲ. ನಿಲ್ಲಿಸಿ ಹಾಗೆಯೇ ಎಂಜಿನ್ ಓಡಲು ಬಿಟ್ಟರೆ ನಿಧಾನವಾಗಿ ಅರ್ಧಕ್ಕೆ ಬರುತ್ತದೆ, ಹೊರಟ ಕೂಡಲೇ ಇಳಿಯುತ್ತದೆ. ಪೈಪ್ ಎರಡೂ ಬೆಚ್ಚಗಿವೆ, ಬಿಸಿ ಎನ್ನಲಾಗದು. ಆರಾಮವಾಗಿ ಕೈಯಲ್ಲಿ ಹಿಡಿದುಕೊಳ್ಳಬಹುದು. ಮುಳ್ಳು ಕೆಳಗಿರುವುದು ಒಳ್ಳೆಯ ಲಕ್ಷಣ ಎಂದುಕೊಂಡೇ ಗಾಡಿ ಕೊಂಡದ್ದು. ಮಾರಿದವರೂ "ಎಷ್ಟು ಓಡಿಸಿದರೂ ಬಿಸಿಯಾಗುವುದಿಲ್ಲ" ಎಂದೇ ಹೊಗಳಿದ್ದರು.

ಬದಿಯಡ್ಕ_ಗ್ಯಾರೇಜು
ಹಾಗಾದರೆ ಉತ್ತರ ಸಿಕ್ಕಿತು. ಥರ್ಮೋಸ್ಟಾಟ್ ಇಲ್ಲ. ಕೆಟ್ಟಿದೆ ಎನ್ನುತ್ತಿಲ್ಲ, ಅಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದೇನೆ. ಹತ್ತಕ್ಕೆ ಎಂಟು ಪಾಲು ಬಾಜಿ ಕಟ್ಟಬಲ್ಲೆ.

ಗ್ಯಾರೇಜಿನಲ್ಲಿ ಕೂತು ತಲೆ ನರೆತವನು ನಾನು, ಹೇಳುತ್ತೇನೆ ಕೇಳಿ. ಎಂಜಿನ್‌ನಿಂದ ರೇಡಿಯೇಟರ್‌ಗೆ ನೀರು ಹೋಗುವ ಬಾಯಲ್ಲಿ ಮೇಣ ತುಂಬಿದ ಒಂದು ಸಣ್ಣ ಕವಾಟ ಇರುತ್ತದೆ. ನೀರು 82 ಅಥವಾ 88 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಎಷ್ಟರಲ್ಲಿ ತೆರೆಯಬೇಕೆಂದು ಅದರ ಮೈಮೇಲೆಯೇ ಅಚ್ಚೊತ್ತಿರುತ್ತದೆ. ಅಲ್ಲಿಯವರೆಗೆ ನೀರು ಎಂಜಿನ್ ಮತ್ತು ಹೀಟರ್ ನಡುವೆಯೇ ಸುತ್ತುತ್ತದೆ. ಇದು ಹಳತಾಗಿ ಮುಚ್ಚಿದ ಸ್ಥಿತಿಯಲ್ಲಿ ಅಂಟಿಕೊಂಡರೆ ಎಂಜಿನ್ ಕುದಿಯುತ್ತದೆ. ಎರಡು ಸಲ ದಾರಿಯಲ್ಲಿ ಹೊಗೆಯೆದ್ದು ನಿಂತರೆ ಮಾಲೀಕರಿಗೆ ಸಿಟ್ಟು. ನಮ್ಮ ಊರಿನ ಸೆಕೆಯಲ್ಲಿ ಹೀಟರ್ ಯಾರಿಗೆ ಬೇಕು? ಮೆಕ್ಯಾನಿಕ್ ಅದನ್ನು ಕಿತ್ತು ಬದಿಗಿಟ್ಟು ಮುಚ್ಚಳ ಬಿಗಿಯುತ್ತಾನೆ. ಹೊಸದನ್ನು ಹಾಕುವ ಖರ್ಚು ಉಳಿಯಿತು, ಎಂಜಿನ್ ಎಂದೂ ಕುದಿಯುವುದಿಲ್ಲ, ಮಾಲೀಕರೂ ಖುಷಿ. ಮಂಗಳೂರಿನಿಂದ ಕಾಞಂಗಾಡಿನವರೆಗೆ ಹೀಗೆ ಓಡುತ್ತಿರುವ ಗಾಡಿಗಳಿಗೆ ಲೆಕ್ಕವಿಲ್ಲ. ಸೆಕೆಯ ಊರಿನಲ್ಲಿ ಇದ್ದಷ್ಟು ದಿನ ಗುಟ್ಟು ಹೊರಬೀಳುವುದಿಲ್ಲ. ಗಾಡಿ ಘಟ್ಟ ಹತ್ತಿದ ಮೇಲೆ ಹೊರಬೀಳುತ್ತದೆ.

ನಿಮ್ಮ ಲಕ್ಷಣವೂ ಅದನ್ನೇ ಹೇಳುತ್ತಿದೆ. ಕಲ್ಲಟ್ಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ದುಡಿಯುತ್ತದೆ, ಎದುರುಗಾಳಿ ಕಡಿಮೆ, ಹಾಗಾಗಿ ಬಿಸಿ. ಇಳಿಯುವಾಗ ದುಡಿಮೆಯೇ ಇಲ್ಲ, ನೀರೆಲ್ಲ ರೇಡಿಯೇಟರ್‌ನಲ್ಲಿ ತಣಿದು ಬರುತ್ತದೆ. ಕೋರ್ ಕಟ್ಟಿಕೊಂಡಿದ್ದರೆ ಮುಳ್ಳಾದರೂ ಮಧ್ಯದಲ್ಲಿ ನಿಲ್ಲಬೇಕಿತ್ತು.

ಅಕ್ಕಲಕೋಟೆ_ಹೆದ್ದಾರಿ
ತೆಗೆದರೆ ತಪ್ಪೇನು? ನಮ್ಮ ಕಡೆ ಏಪ್ರಿಲ್ ಮೇ ಎಂದರೆ 42 ಡಿಗ್ರಿ. ನನ್ನ ಡೀಸೆಲ್ ಜೀಪಿನಲ್ಲಿ ಥರ್ಮೋಸ್ಟಾಟ್ ಇಲ್ಲದೆ ಎಷ್ಟೋ ವರ್ಷಗಳಾದವು. ಸೊಲ್ಲಾಪುರಕ್ಕೆ ದಿನಾ ಹೋಗಿ ಬರುತ್ತದೆ, ಕಬ್ಬಿನ ಗದ್ದೆಗೂ ಇಳಿಯುತ್ತದೆ. ಕಂಪನಿಯವರು ಚಳಿ ದೇಶದವರಿಗಾಗಿ ಇಟ್ಟ ಸಾಮಾನು ಅದು. ನಮಗೆ ಅದರ ಹಂಗಿಲ್ಲ.

ಹೊಸೂರು_ಸ್ಪ್ಯಾನರ್
@ಅಕ್ಕಲಕೋಟೆ_ಹೆದ್ದಾರಿ ಇದು ನಮ್ಮ ದೇಶದ ತುಂಬ ಹಬ್ಬಿರುವ ನಂಬಿಕೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎಂಜಿನ್‌ಗೆ ಬಿಸಿ ಎಷ್ಟು ಕೆಟ್ಟದ್ದೋ ತಣ್ಣಗಿರುವುದೂ ಅಷ್ಟೇ ಕೆಟ್ಟದ್ದು, ಕೆಡುವುದು ನಿಧಾನ ಎಂಬುದಷ್ಟೇ ವ್ಯತ್ಯಾಸ. ಪೆಟ್ರೋಲ್ ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರ್ ನೀರಿನ ತಾಪಮಾನ ನೋಡಿ ಇಂಧನ ಅಳೆಯುತ್ತದೆ. ನೀರು 50–60ರಲ್ಲಿಯೇ ಇದ್ದರೆ ಎಂಜಿನ್ ಇನ್ನೂ ಬೆಚ್ಚಗಾಗಿಲ್ಲ ಎಂದು ತಿಳಿದು ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್‌ನಲ್ಲಿ ಕೂಡುವ ನೀರಿನ ಪಸೆ ಆವಿಯಾಗಿ ಹೋಗಲು ಬಿಸಿ ಬೇಕು. ಅದು ಸಿಗದಿದ್ದರೆ ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ. ಡೀಸೆಲ್ ಎಂಜಿನ್ನಿಗೂ ಸವೆತ ತಪ್ಪಿದ್ದಲ್ಲ.

ಇನ್ನೊಂದು ಮಾತು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಒಂದು ದಾರಿ ತೆರೆಯುವಾಗಲೇ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ, ಒಂದಷ್ಟು ನೀರು ರೇಡಿಯೇಟರ್‌ನ ಮುಖವನ್ನೇ ನೋಡದೆ ಸುತ್ತುತ್ತದೆ. ಅಂಥ ಗಾಡಿಗಳು ಥರ್ಮೋಸ್ಟಾಟ್ ತೆಗೆದ ಮೇಲೆಯೇ ಹೆಚ್ಚು ಕುದಿಯುತ್ತವೆ.

ಹೊರಗೆ 42 ಡಿಗ್ರಿ ಇದ್ದರೂ 88ಕ್ಕೆ ಇನ್ನೂ ಬಹಳ ದೂರವಿದೆ. ಥರ್ಮೋಸ್ಟಾಟ್ ಸರಿಯಿದ್ದೂ ಗಾಡಿ ಕುದಿಯುತ್ತಿದ್ದರೆ ರೋಗ ರೇಡಿಯೇಟರ್‌ನಲ್ಲಿಯೋ ಫ್ಯಾನಿನಲ್ಲಿಯೋ ಇರುತ್ತದೆ.

ಅಕ್ಕಲಕೋಟೆ_ಹೆದ್ದಾರಿ
ಪುಸ್ತಕದ ಮಾತು. ನನ್ನ ಜೀಪು ಓದು ಬರಹ ಕಲಿತಿಲ್ಲ, ಹಾಗಾಗಿ ಓಡುತ್ತಿದೆ.

ಪಯಸ್ವಿನಿ_ದಡ
😀 ಈ ಮಾತಿಗೆ ಮಾತ್ರ ಎದುರಿಲ್ಲ.

ಕೋತಗಿರಿ_ಮಂಜು
ತಾಳವಾಡಿಯವರೇ, ನಾನು ಕೋತಗಿರಿಯವಳು. ಇಲ್ಲಿ ಹೀಟರ್ ಸುಖಕ್ಕಲ್ಲ, ಗಾಜು ಕಾಣಿಸುವುದಕ್ಕೆ ಬೇಕು. ಡಿಸೆಂಬರ್, ಜನವರಿಯಲ್ಲಿ ತಲೈಕುಂದಾ ಕಡೆ ಹುಲ್ಲಿನ ಮೇಲೆ ಹಿಮ ಬಿದ್ದು ಬೆಳ್ಳಗಿರುತ್ತದೆ, ಕಾರಿನ ಗಾಜನ್ನು ಕೆರೆದು ತೆಗೆಯಬೇಕಾಗುತ್ತದೆ.

ಥರ್ಮೋಸ್ಟಾಟ್ ಪರೀಕ್ಷೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಮನೆಯವರು ಹೊಸ ಥರ್ಮೋಸ್ಟಾಟ್ ತಂದು, ಹಾಕುವ ಮೊದಲು ದಾರ ಕಟ್ಟಿ ಹಾಲಿನ ಪಾತ್ರೆಯಲ್ಲಿ ನೀರು ಕುದಿಸಿ ಇಳಿಬಿಟ್ಟರು. ನೀರು ತಳಮಳ ಕುದಿಯುತ್ತಿದೆ, ಬಾಗಿಲು ಮಾತ್ರ ಅರೆಬರೆ ತೆರೆದು ನಿಂತಿತು. ಇದು ನಕಲಿ ಮಾಲು ಎಂದು ಅಂಗಡಿಯವನ ಜತೆ ಜಗಳಕ್ಕೆ ಹೊರಟರು. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು, ತಡೆದೆ. ಕೋತಗಿರಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 94ರ ಆಸುಪಾಸಿನಲ್ಲಿ. ಊಟಿಯಲ್ಲಿ ಇನ್ನೂ ಒಂದೂವರೆ ಡಿಗ್ರಿ ಕಡಿಮೆ. 88ರ ಥರ್ಮೋಸ್ಟಾಟ್ 88ಕ್ಕೆ ತೆರೆಯಲು ಶುರುಮಾಡುತ್ತದೆ, ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಮೇಲೇರಬೇಕು. ನಮ್ಮ ಪಾತ್ರೆಯ ನೀರು ಅಷ್ಟು ಬಿಸಿ ಆಗುವುದೇ ಇಲ್ಲ! ಗಾಡಿಯ ರೇಡಿಯೇಟರ್‌ಗೆ ಒತ್ತಡದ ಮುಚ್ಚಳ ಇರುವುದರಿಂದ ನೀರು ಕುದಿಯದೆ ಅಲ್ಲಿಯವರೆಗೆ ಏರುತ್ತದೆ. ಪರೀಕ್ಷೆ ಮಾಡುವವರು ಕೆಳಗೆ ಮೇಟ್ಟುಪಾಳ್ಯಂನಲ್ಲಿಯೇ ಮಾಡಿಕೊಂಡು ಬನ್ನಿ.

ಬದಿಯಡ್ಕ_ಗ್ಯಾರೇಜು
ಅಕ್ಕ, ಇಷ್ಟು ವರ್ಷ ಗ್ಯಾರೇಜಿನಲ್ಲಿದ್ದರೂ ಇದು ನನಗೆ ಹೊಳೆದಿರಲಿಲ್ಲ. ಕರಾವಳಿಯಲ್ಲಿ ನೀರು ಸರಿಯಾಗಿ ನೂರಕ್ಕೆ ಕುದಿಯುತ್ತದಲ್ಲ, ಅದಕ್ಕೆ. ಮುಚ್ಚಳದ ಮಾತು ಬಂದದ್ದರಿಂದ ಸೇರಿಸುತ್ತೇನೆ: ಅದರ ರಬ್ಬರು ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಒತ್ತಡ ನಿಲ್ಲದಿದ್ದರೆ ಬೆಟ್ಟದ ಮೇಲೆ ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಬಿಸಿ ಇರುವಾಗ ಮಾತ್ರ ಯಾರೂ ಮುಚ್ಚಳಕ್ಕೆ ಕೈ ಹಾಕಬೇಡಿ. ಒದ್ದೆ ಬಟ್ಟೆ ಹಾಕಿ ತೆರೆದರೆ ಏನೂ ಆಗುವುದಿಲ್ಲ ಎನ್ನುವವರ ಮಾತು ಕೇಳಿ ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಗೇಟುಗಂಟೆ_ಗುಂಡ್ಲು
ವಿಷಯಾಂತರಕ್ಕೆ ಕ್ಷಮಿಸಿ. ಊಟಿಗೆ ಈಗಲೂ ಇ-ಪಾಸ್ ಬೇಕೇ?

ತಾಳವಾಡಿ_ಬಯಲು
2024ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಶುರುವಾದದ್ದು. ಮೊಬೈಲ್‌ನಲ್ಲಿ ಮೊದಲೇ ಮಾಡಿಕೊಂಡು ಹೊರಡುವುದು ಕ್ಷೇಮ. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದೆ ಫೋನನ್ನು ಆಕಾಶಕ್ಕೆ ಹಿಡಿದು ನಿಂತವರನ್ನು ಪ್ರತಿ ಬಾರಿಯೂ ನೋಡುತ್ತೇನೆ. ಬಂಡೀಪುರ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಪಯಸ್ವಿನಿ_ದಡ
ಕೆಎಲ್-14 ಫಲಕ ಇನ್ನೂ ಹಾಗೆಯೇ ಇದೆಯೇ? ಹನ್ನೆರಡು ತಿಂಗಳು ದಾಟಿದರೆ ತಮಿಳುನಾಡಿನ ನೋಂದಣಿ ಮಾಡಿಸಲೇಬೇಕು. ನಮ್ಮ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡಿದ್ದೀರಾ? 2006ರದ್ದಾದರೆ ಹದಿನೈದು ವರ್ಷದ ನವೀಕರಣವೂ ಆಗಿರಬೇಕು, ಆರ್‌ಸಿ ನೋಡಿಕೊಳ್ಳಿ.

ತಾಳವಾಡಿ_ಬಯಲು
ನವೀಕರಣ ಆಗಿದೆ. ಎನ್‌ಒಸಿ ಬಂದಿದೆ. ಮೊದಲು ಹೀಟರ್ ಮುಗಿಯಲಿ ಸ್ವಾಮಿ, ಕಾಗದದ ಚಳಿ ಆಮೇಲೆ ಬಿಡಿಸೋಣ.

ಮಡಕಶಿರಾ_ಕಡಲೆಕಾಯಿ
ಕೋರ್ ಕಟ್ಟಿಕೊಂಡಿದ್ದರೆ ಸುಲಭದ ದಾರಿ ಇದೆ. ಬಚ್ಚಲು ತೊಳೆಯುವ ಆಸಿಡ್ ಅರ್ಧ ಬಾಟಲಿ ರೇಡಿಯೇಟರ್‌ಗೆ ಸುರಿದು ಹತ್ತು ನಿಮಿಷ ಎಂಜಿನ್ ಓಡಿಸಿ ತೊಳೆದುಬಿಡಿ. ನಮ್ಮ ಬೋರ್‌ವೆಲ್ ಮೋಟಾರಿಗೆ ಕಟ್ಟುವ ಸುಣ್ಣವೆಲ್ಲ ಅದರಲ್ಲಿಯೇ ಹೋಗುತ್ತದೆ.

ಬದಿಯಡ್ಕ_ಗ್ಯಾರೇಜು
ದಯವಿಟ್ಟು ಯಾರೂ ಇದನ್ನು ಮಾಡಬೇಡಿ! ಅದು ಹೈಡ್ರೋಕ್ಲೋರಿಕ್ ಆಸಿಡ್. ಹೀಟರ್ ಕೋರ್, ರೇಡಿಯೇಟರ್, ಸಿಲಿಂಡರ್ ಹೆಡ್ ಎಲ್ಲ ಅಲ್ಯೂಮಿನಿಯಂ. ಸುಣ್ಣದ ಜತೆ ಲೋಹವನ್ನೂ ತಿಂದು ಮುಗಿಸುತ್ತದೆ. ಕೋರ್‌ನ ಕೊಳವೆಯ ಗೋಡೆ ತೆಳ್ಳನೆಯ ತಗಡು, ತೂತು ಬಿದ್ದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ನೇರವಾಗಿ ಕಾಲ ಬಳಿ ಸೋರುತ್ತದೆ. ಆಗ ನಿಜವಾಗಿಯೂ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಈರೋಡು_ಅರಿಶಿನ
ಲಾರಿಯವರು ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕುತ್ತಾರೆ, ನಿಂತುಹೋಗುತ್ತದೆ. ನಮ್ಮ ಈರೋಡು ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತಲ್ಲ, ರೇಡಿಯೇಟರ್ ಉಪಯೋಗವನ್ನೂ ಅರ್ಜಿಯಲ್ಲಿ ಬರೆಯಬೇಕಿತ್ತು.

ಹೊಸೂರು_ಸ್ಪ್ಯಾನರ್
ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಊರು ಮುಟ್ಟಿಸಲು ಸರಿ. ಆದರೆ ಆ ಪುಡಿ ತೂತನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಸಪೂರ ಕೊಳವೆ ಎಲ್ಲಿದೆಯೋ ಅಲ್ಲಿ ಕೂರುತ್ತದೆ. ಅದು ಹೀಟರ್ ಕೋರ್. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರಾವಣಗಳೂ ಬಹುಪಾಲು ಹಾಗೆಯೇ.

ತಾಳವಾಡಿ_ಬಯಲು
ಬೇರೆ ಮೆಕ್ಯಾನಿಕ್ ಹತ್ತಿರ ಹೋಗಿ ಬಂದೆ. ಬದಿಯಡ್ಕದವರು ಬಾಜಿ ಗೆದ್ದರು. ಎರಡು ಬೋಲ್ಟ್ ಬಿಚ್ಚಿ ಮುಚ್ಚಳ ಎತ್ತಿದರೆ ಒಳಗೆ ಏನೂ ಇಲ್ಲ. ಥರ್ಮೋಸ್ಟಾಟ್ ಕೂರಬೇಕಾದ ಅಂಚಿನಲ್ಲಿ ಕೆಂಪು ಗ್ಯಾಸ್ಕೆಟ್ ಅಂಟು ದಪ್ಪಗೆ ಬಳಿದು ಒಣಗಿಸಿದ್ದರು. ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. 82ರ ಹೊಸ ಥರ್ಮೋಸ್ಟಾಟ್, ಹೊಸ ರಬ್ಬರ್ ರಿಂಗ್, ಕೂಲಂಟ್, ಕೂಲಿ ಸೇರಿ 2,000 ರೂಪಾಯಿಯ ಒಳಗೆ ಮುಗಿಯಿತು.

ಮುಳ್ಳು ಈಗ ಸರಿಯಾಗಿ ಅರ್ಧದಲ್ಲಿ ಬಂದು ನಿಲ್ಲುತ್ತದೆ. ಹೀಟರ್ ಮೊದಲಿಗಿಂತ ಎಷ್ಟೋ ಮೇಲು. ಆದರೂ ಬೆರಳಿಗೆ ಸುಡುವಂಥ ಬಿಸಿ ಇಲ್ಲ, ಒಳಗೆ ಗುಳುಗುಳು ಸದ್ದು ಬರುತ್ತದೆ. ಈಗ ಒಂದು ಪೈಪ್ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ಬರಿದೆ ಬೆಚ್ಚಗೆ.

ಹೊಸೂರು_ಸ್ಪ್ಯಾನರ್
ಗುಳುಗುಳು ಎಂದರೆ ಗಾಳಿ ಉಳಿದಿದೆ. ಬಹಳ ಗಾಡಿಗಳಲ್ಲಿ ಹೀಟರ್ ಕೋರ್ ಎತ್ತರದ ಜಾಗದಲ್ಲಿರುತ್ತದೆ, ಗಾಳಿ ಅಲ್ಲಿಗೇ ಹೋಗಿ ಕೂರುತ್ತದೆ. ಎಂಜಿನ್ ತಣ್ಣಗಿರುವಾಗ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಗುಂಡಿ ಪೂರ್ತಿ ಕೆಂಪಿಗಿಟ್ಟು ಎಂಜಿನ್ ಓಡಿಸಿ. ಗುಳ್ಳೆ ಬರುತ್ತಿದ್ದಂತೆ ಕೂಲಂಟ್ ತುಂಬುತ್ತ ಹೋಗಿ, ಮೇಲಿನ ದೊಡ್ಡ ಪೈಪನ್ನು ಆಗಾಗ ಹಿಸುಕಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಕೆಲಸ ಇನ್ನೂ ಹಗುರ. ವಾರ ಕಳೆದ ಮೇಲೆ ಮತ್ತೆ ಗುಳ್ಳೆ, ಮತ್ತೆ ನೀರು ಕಡಿಮೆ ಎಂದಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಪದರ) ನೋಡಿಸಬೇಕು.

ಬದಿಯಡ್ಕ_ಗ್ಯಾರೇಜು
ಗಾಳಿ ತೆಗೆದ ಮೇಲೂ ಪೈಪ್‌ಗಳ ನಡುವೆ ಅಷ್ಟೇ ಅಂತರ ಇದ್ದರೆ ಕೋರ್ ತೊಳೆಯಬೇಕು. ಅದಕ್ಕೆ ಮೊದಲು ಬಾನೆಟ್‌ನೊಳಗಿನ ಹೀಟರ್ ನಲ್ಲಿಯ ಕೇಬಲ್ ಪೂರ್ತಿ ಎಳೆಯುತ್ತಿದೆಯೇ ನೋಡಿ. ಗುಂಡಿ ಕೊನೆಯವರೆಗೆ ತಿರುಗಿದರೂ ನಲ್ಲಿಯ ಕಡ್ಡಿ ಅರ್ಧದಲ್ಲಿ ನಿಂತಿರುವುದುಂಟು. ನಲ್ಲಿ ಸರಿಯಿದ್ದರೆ ಆ ಎರಡು ಪೈಪ್‌ಗಳನ್ನು ಒಳಗೋಡೆಯ ಬಳಿ ಬಿಚ್ಚಿ. ಎಳೆಯಬೇಡಿ, ತಿರುಚಿ ಸಡಿಲಿಸಿ, ಬಾರದಿದ್ದರೆ ಪೈಪನ್ನೇ ಕೊಯ್ಯಿರಿ. ಹೊಸ ಪೈಪ್ ಅಗ್ಗ, ಕೋರ್‌ನ ಮೂತಿ ಮುರಿದರೆ ಕಷ್ಟ. ನೀರು ಹೊರಬರುವ ಮೂತಿಯಿಂದ ತೋಟದ ಪೈಪಿನಲ್ಲಿ ಹಗುರವಾಗಿ ನೀರು ಬಿಡಿ, ಅಂದರೆ ಉಲ್ಟಾ ದಿಕ್ಕಿನಲ್ಲಿ. ಪ್ರೆಶರ್ ವಾಶರ್ ಹಿಡಿಯಬೇಡಿ. ಆಮೇಲೆ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಬಿಸಿನೀರಿನಲ್ಲಿ ಮಾಡಿ ಅರ್ಧ ಗಂಟೆ ನಿಲ್ಲಿಸಿ, ಚೆನ್ನಾಗಿ ತೊಳೆಯಿರಿ. ಹೊರಬಂದ ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ತಾಳವಾಡಿ_ಬಯಲು
ಕೋರ್ ಕಟ್ಟಿಕೊಳ್ಳುವಷ್ಟು ಸುಣ್ಣ ಎಲ್ಲಿಂದ ಬಂತು? ಕಾಸರಗೋಡಿನ ನೀರಿನದೇ ಇರಬೇಕು.

ಪಯಸ್ವಿನಿ_ದಡ
ಅಯ್ಯೋ, ನಮ್ಮ ನೀರಿನ ಮೇಲೆ ಅಪವಾದ ಬೇಡ. ನಮ್ಮದು ಮುರಕಲ್ಲಿನ ನೆಲ. ಬಾವಿ ನೀರಾಗಲಿ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಾಗಲಿ, ಬಹಳ ಮೆದು. ಸೋಪು ಹಾಕಿದರೆ ನೊರೆ ಹೋಗುವುದೇ ಇಲ್ಲ. ನಮ್ಮ ಅಡಿಕೆ ತೋಟದ ಸುರಂಗದ ನೀರಿನಲ್ಲಿ ಬೇಳೆ ಕ್ಷಣದಲ್ಲಿ ಬೇಯುತ್ತದೆ. ಸುಣ್ಣ ಕಟ್ಟುವುದು ಬಯಲುಸೀಮೆಯ ಬೋರ್‌ವೆಲ್ ನೀರು. ಕೊಂಡ ಮೇಲೆ ತಾಳವಾಡಿಯಲ್ಲಿ ಯಾವ ನೀರು ತುಂಬಿದಿರಿ, ಅದನ್ನು ಮೊದಲು ಹೇಳಿ.

ಬದಿಯಡ್ಕ_ಗ್ಯಾರೇಜು
ಅರ್ಧ ಸತ್ಯ. ಮುರಕಲ್ಲಿನ ನೀರು ಮೆದು, ಆದರೆ ಹುಳಿ ಗುಣ. ಕೂಲಂಟ್ ಇಲ್ಲದೆ ಬರಿಯ ನೀರನ್ನೇ ವರ್ಷಗಟ್ಟಲೆ ಓಡಿಸಿದರೆ ಸುಣ್ಣ ಕಟ್ಟದು, ಎಂಜಿನ್‌ನ ಎರಕದ ಕಬ್ಬಿಣ ತುಕ್ಕು ಹಿಡಿದು ಕೆಸರಾಗುತ್ತದೆ. ಕೂಲಂಟ್ ಎಂದರೆ ಹೆಪ್ಪುಗಟ್ಟದಂತೆ ತಡೆಯುವುದು ಮಾತ್ರ ಎಂದು ನಮ್ಮವರ ಭಾವನೆ. ನಮಗೆ ಅದು ಬೇಕಾಗಿರುವುದು ತುಕ್ಕು ತಡೆಯುವುದಕ್ಕೆ. ತೊಳೆದಾಗ ಬಣ್ಣ ನೋಡಿ. ಬಿಳಿ ಬಂದರೆ ಬೋರ್‌ವೆಲ್, ಇಟ್ಟಿಗೆ ಬಣ್ಣ ಬಂದರೆ ನಮ್ಮ ಕಡೆಯದು.

ಕೋತಗಿರಿ_ಮಂಜು
ನೀರಿನ ಜಗಳದ ನಡುವೆ ಗಾಳಿಯ ದಾರಿ ಮರೆಯಬೇಡಿ. ಬ್ಲೋವರ್ ಚೆನ್ನಾಗಿ ತಿರುಗುತ್ತಿದ್ದರೂ ಗಾಳಿ ಕಡಿಮೆ ಬಂದರೆ ಎಡಗಡೆಯ ಪೆಟ್ಟಿಗೆಯ ಹಿಂದಿನ ಫಿಲ್ಟರ್ ತೆಗೆದು ನೋಡಿ. ಎಲ್ಲ ಹಳೆಯ ಗಾಡಿಗಳಲ್ಲಿ ಫಿಲ್ಟರ್ ಇರುವುದಿಲ್ಲ, ಆಗ ವೈಪರ್ ಕೆಳಗಿನ ಜಾಲರಿ ನೋಡಬೇಕು. ನಮ್ಮ ಟೀ ತೋಟದಲ್ಲಿ ನೆರಳಿಗೆ ಸಿಲ್ವರ್ ಓಕ್ ಮರಗಳು. ಅವುಗಳ ಎಲೆ ಜಾಲರಿಯಿಂದ ಇಳಿದು ಬ್ಲೋವರ್ ಬಾಯಲ್ಲಿ ಗೊಬ್ಬರವಾಗಿ ಕೂತಿತ್ತು, ಅದರೊಳಗೆ ಇಲಿಯ ಗೂಡು ಬೇರೆ.

ಮತ್ತೆ, ಗಾಜು ಮಬ್ಬಾದಾಗ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಬೇಡಿ. ನಾಲ್ಕು ಜನರ ಉಸಿರಿನ ಪಸೆ ಅಲ್ಲಿಯೇ ಸುತ್ತುತ್ತದೆ. ಹೊರಗಿನ ಗಾಳಿಗಿಟ್ಟು, ಹೀಟರ್ ಜತೆಗೆ ಎ.ಸಿ.ಯನ್ನೂ ಹಾಕಿ. ಎ.ಸಿ. ಪಸೆ ಹೀರುತ್ತದೆ, ಹೀಟರ್ ಬೆಚ್ಚಗೆ ಮಾಡುತ್ತದೆ. ನಮ್ಮ ಅತ್ತೆಯವರು ಎರಡನ್ನೂ ಒಟ್ಟಿಗೆ ಹಾಕಿದರೆ ಗಾಡಿಗೆ ಶೀತವಾಗುತ್ತದೆ ಎನ್ನುತ್ತಾರೆ, ಇರಲಿ. ಗಾಜಿನ ಮೇಲೆ ಎಣ್ಣೆಯಂಥ ಪದರ, ಸಿಹಿ ವಾಸನೆ, ಎಡಗಡೆ ಕಾಲಿನ ಕೆಳಗೆ ಕಾರ್ಪೆಟ್ ಒದ್ದೆ ಇದ್ದರೆ ಮಾತ್ರ ಕೋರ್ ಸೋರುತ್ತಿದೆ ಎಂದು ತಿಳಿಯಿರಿ.

ಗೇಟುಗಂಟೆ_ಗುಂಡ್ಲು
ನನ್ನ ಗಾಡಿಯಲ್ಲಿ ಬ್ಲೋವರ್ ನಾಲ್ಕರಲ್ಲಿ ಮಾತ್ರ ತಿರುಗುತ್ತದೆ. ಒಂದು, ಎರಡು, ಮೂರರಲ್ಲಿ ಸತ್ತಿದೆ. ಇದಕ್ಕೂ ಥರ್ಮೋಸ್ಟಾಟೇ?

ಹೊಸೂರು_ಸ್ಪ್ಯಾನರ್
ಅಲ್ಲ. ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಸಣ್ಣ ಸಾಮಾನು, ಎರಡು ಸ್ಕ್ರೂ. ನೀವೇ ಬದಲಾಯಿಸಬಹುದು.

ತಾಳವಾಡಿ_ಬಯಲು
ತೊಳೆಸಿದೆ. ಮೊದಲು ಬಂದದ್ದು ಇಟ್ಟಿಗೆ ಬಣ್ಣದ ಗಟ್ಟಿ ಕೆಸರು. ಆಮೇಲೆ ಉಗುರಿನಷ್ಟು ಅಗಲದ, ರಬ್ಬರಿನಂತೆ ಬಾಗುವ ಕಂದು ಚೂರುಗಳು. ಸೋರಿಕೆ ನಿಲ್ಲಿಸಲು ಯಾರೋ ಏನನ್ನೋ ಸುರಿದಿದ್ದಾರೆ ಎಂದು ಮೆಕ್ಯಾನಿಕ್ ಹೇಳಿದರು. ಬಕೆಟ್‌ನ ತಳದಲ್ಲಿ ಹಳದಿಯೂ ಕಂಡಿತು. ಈರೋಡಿನವರು ಕ್ಷಮಿಸಬೇಕು, ಮೂಸಿ ನೋಡಿದೆ, ಅರಿಶಿನ ಎಂದು ಆಣೆ ಮಾಡಿ ಹೇಳಲಾರೆ. ಕೊನೆಗೆ ನೀರು ತಿಳಿಯಾಗಿ, ಧಾರೆ ದಪ್ಪಗೆ ಬಂತು. ಸೋರಿಕೆ ಎಲ್ಲೂ ಕಾಣಲಿಲ್ಲ. ಕೂಲಂಟ್ ಮತ್ತು ಶುದ್ಧೀಕರಿಸಿದ ನೀರು ಸಮಪಾಲು ಬೆರೆಸಿ ತುಂಬಿ, ಗಾಳಿ ತೆಗೆದೆವು.

ತಂಗಿಯ ಮನೆಯ ಅಡುಗೆ ಥರ್ಮಾಮೀಟರನ್ನು ಗಾಳಿ ಬರುವ ಬಾಯಿಗೆ ಹಿಡಿದರೆ 54 ಡಿಗ್ರಿ ತೋರಿಸಿತು. ಗೂಡಲೂರು ಇಳಿಜಾರಿನಲ್ಲಿಯೂ ಇಳಿಯಲಿಲ್ಲ. ಅಮ್ಮನಿಗೆ ಈಗ ಸೆಕೆಯಂತೆ, ಗಾಜು ಇಳಿಸಿ ಕೂರುತ್ತಾರೆ.

ಬದಿಯಡ್ಕ_ಗ್ಯಾರೇಜು
54 ಎಂದರೆ ಹಳೆಯ ಗಾಡಿಗೆ ಬಹಳ ಚೆನ್ನಾಯಿತು. ಇನ್ನೊಂದು ನೋಡಿಕೊಳ್ಳಿ: ಥರ್ಮೋಸ್ಟಾಟ್ ಕಿತ್ತವರು ಫ್ಯಾನ್ ವೈರನ್ನೂ ನೇರವಾಗಿ ಜೋಡಿಸಿರುವುದುಂಟು. ಕೀ ತಿರುಗಿಸಿದೊಡನೆ ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದರೆ ಸೆನ್ಸರ್ ತಪ್ಪಿಸಿದ್ದಾರೆ ಎಂದೇ ಅರ್ಥ. ಎ.ಸಿ. ಆರಿಸಿ ನೋಡಿ.

ತಾಳವಾಡಿ_ಬಯಲು
ಈಗಷ್ಟೇ ನೋಡಿದೆ. ಇಲ್ಲ, ಬಿಸಿಯಾದ ಮೇಲೆಯೇ ತಿರುಗುತ್ತದೆ. ಪೆಟ್ರೋಲ್ ಖರ್ಚಿನಲ್ಲೂ ವ್ಯತ್ಯಾಸ ಕಾಣುತ್ತಿದೆ, ಆದರೆ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕದೆ ಏನೂ ಹೇಳುವುದಿಲ್ಲ.

ಅಕ್ಕಲಕೋಟೆ_ಹೆದ್ದಾರಿ
ನಿಮ್ಮ ಊಟಿಗೆ ಅದು ಸರಿ. ಸೊಲ್ಲಾಪುರ ರಸ್ತೆಯಲ್ಲಿ ಮೇ ತಿಂಗಳ ಮಧ್ಯಾಹ್ನ ನನ್ನ ಜೀಪಿಗೆ ಥರ್ಮೋಸ್ಟಾಟ್ ಹಾಕಿ ಕುದಿದರೆ ಹೊಸೂರಿನವರು ನೀರು ಹೊತ್ತು ತರುತ್ತಾರೆಯೇ?

ಹೊಸೂರು_ಸ್ಪ್ಯಾನರ್
ನೀರು ಬೇಡ. ಆಯಿಲ್ ಮುಚ್ಚಳ ತೆಗೆದು ಒಳಗೆ ಬಿಳಿ ಕೆನೆ ಇದೆಯೇ ನೋಡಿ, ಫೋಟೋ ಹಾಕಿ. ಜತೆಗೆ ರೇಡಿಯೇಟರ್‌ನ ರೆಕ್ಕೆಗಳ ನಡುವೆ ಕಬ್ಬಿನ ಗದ್ದೆಯ ಕಸ ಎಷ್ಟು ಕೂತಿದೆ ಎಂಬುದರದ್ದೂ.

ಅಕ್ಕಲಕೋಟೆ_ಹೆದ್ದಾರಿ
ಕೆನೆ ಸ್ವಲ್ಪ ಇದೆ. ಕಸ ಬಹಳ ಇದೆ. ರೇಡಿಯೇಟರ್ ಮಾತ್ರ ತೊಳೆಸುತ್ತೇನೆ, ಥರ್ಮೋಸ್ಟಾಟ್ ಮಾತು ಮುಂದಿನ ದೀಪಾವಳಿಗೆ.